ಚಿತ್ರದುರ್ಗದ ಹಳೆಪೇಟೆ ಮತ್ತು ಕಲ್ಲಿನ ಕೋಟೆ: ಕಾಲ್ನಡಿಗೆಯಲ್ಲಿ ನೋಡಬಯಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ದುರ್ಗಕ್ಕೆ ಬರುವ ಬಹುತೇಕರು ಕೋಟೆಯ ಮುಂಬಾಗಿಲಿನವರೆಗೂ ವಾಹನದಲ್ಲೇ ಬಂದು, ಟಿಕೆಟ್ ಪಡೆದು, ಎರಡು ತಾಸಿನಲ್ಲಿ ಹತ್ತಿಳಿದು, ಹಂಪಿಯ ಕಡೆಗೋ ಜೋಗದ ಕಡೆಗೋ ಹೊರಟುಬಿಡುತ್ತಾರೆ. ಬೆಟ್ಟದ ಬುಡದಲ್ಲಿರುವ ಪೇಟೆ ಮತ್ತು ಬೆಟ್ಟದ ಮೇಲಿರುವ ಕೋಟೆ ಒಂದೇ ಊರಿನ ಎರಡು ಭಾಗಗಳು ಎಂಬುದು ನಡೆದು ನೋಡಿದವರಿಗೆ ಮಾತ್ರ ಮನದಟ್ಟಾಗುತ್ತದೆ. ಹಾಗೆ ನಡೆಯಬೇಕೆಂದು ಮನಸ್ಸು ಮಾಡಿದವರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ.

ನಡಿಗೆಯನ್ನು ಎಲ್ಲಿಂದ ಆರಂಭಿಸಬೇಕು? ಕೋಟೆಯ ಮುಂಬಾಗಿಲಿನಿಂದಲೇ ಶುರು ಮಾಡಿದರೆ ಸಾಲದೇ?

ಸಮಯ ತೀರಾ ಕಡಿಮೆ ಇದ್ದವರು ಹಾಗೆ ಮಾಡಬಹುದು. ಅರ್ಧ ದಿನವಾದರೂ ಕೈಯಲ್ಲಿದ್ದರೆ ರಂಗಯ್ಯನ ಬಾಗಿಲಿನಿಂದ ಆರಂಭಿಸುವುದು ಒಳ್ಳೆಯದು. ಹೊರಗಿನ ಸುತ್ತಿನ ಕೋಟೆಗೆ ನಾಲ್ಕು ಬಾಗಿಲುಗಳಿದ್ದವು: ರಂಗಯ್ಯನ ಬಾಗಿಲು, ಸಿದ್ಧಯ್ಯನ ಬಾಗಿಲು, ಉಚ್ಚಂಗಿ ಬಾಗಿಲು ಮತ್ತು ಲಾಲಕೋಟೆ ಬಾಗಿಲು. ರಂಗಯ್ಯನ ಬಾಗಿಲಿನ ಬಳಿ ಸರ್ಕಾರಿ ವಸ್ತುಸಂಗ್ರಹಾಲಯವೂ ಇರುವುದರಿಂದ, ಈ ಸೀಮೆಯ ಶಿಲ್ಪಗಳು, ಆಯುಧಗಳು ಮೊದಲಾದವನ್ನು ಮೊದಲೇ ನೋಡಿಕೊಂಡು ಮುಂದೆ ಹೋದರೆ ಮೇಲಿನ ಅವಶೇಷಗಳು ಬೇಗ ಅರ್ಥವಾಗುತ್ತವೆ.

ಅಲ್ಲಿಂದ ದೊಡ್ಡಪೇಟೆಯ ಬೀದಿಗಳನ್ನು ಹಾದು, ಉಚ್ಚಂಗಿ ಯಲ್ಲಮ್ಮನ ಗುಡಿಯನ್ನು ನೋಡಿಕೊಂಡು, ನಿಧಾನವಾಗಿ ಕೋಟೆ ರಸ್ತೆಗೆ ಸೇರಬಹುದು. ಉಚ್ಚಂಗಮ್ಮನನ್ನು ಉತ್ಸವಾಂಬೆ ಎಂದೂ ಕರೆಯುತ್ತಾರೆ. ಆಕೆ ದುರ್ಗದ ನಾಯಕರು ನಡೆದುಕೊಳ್ಳುತ್ತಿದ್ದ ದೇವತೆ, ಇಂದಿಗೂ ಪೇಟೆಯ ಜನರ ನಡುವೆ ನಿತ್ಯಪೂಜೆಯಲ್ಲಿರುವ ತಾಯಿ. ಬೆಟ್ಟದ ಮೇಲಿನ ಊರು ಬರಿದಾಗಿ ಇನ್ನೂರು ವರ್ಷಗಳ ಮೇಲಾದರೂ ಕೆಳಗಿನ ಊರು ಒಂದು ದಿನವೂ ನಿಂತಿಲ್ಲ. ಆದ್ದರಿಂದಲೇ ಪೇಟೆಯನ್ನು ಬಿಟ್ಟು ಕೋಟೆಯನ್ನು ಮಾತ್ರ ನೋಡುವುದು ಅರೆನೋಟ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಒಟ್ಟು ಎಷ್ಟು ಸಮಯ ಬೇಕಾಗುತ್ತದೆ?

ಕೋಟೆಯ ಮುಖ್ಯ ದಾರಿ, ಅದರ ಬದಿಯ ಗುಡಿಗಳು, ಹೊಂಡಗಳು ಮತ್ತು ಓಬವ್ವನ ಕಿಂಡಿಯನ್ನು ನೋಡಲು ಮೂರರಿಂದ ನಾಲ್ಕು ತಾಸು. ಪೇಟೆಯ ನಡಿಗೆಗೆ ಒಂದೂವರೆ ತಾಸು ಪ್ರತ್ಯೇಕವಾಗಿ ಇಟ್ಟುಕೊಳ್ಳಿ. ಚಂದ್ರವಳ್ಳಿಯನ್ನೂ ಸೇರಿಸಿಕೊಂಡರೆ ಇಡೀ ದಿನ ಬೇಕು.

ಯಾವ ತಿಂಗಳು, ಯಾವ ಹೊತ್ತು ಸೂಕ್ತ?

ಇದು ಬಯಲುಸೀಮೆ, ಮಳೆ ಕಡಿಮೆ, ಬಿಸಿಲು ಹೆಚ್ಚು. ಮಾರ್ಚ್ ಕೊನೆಯಿಂದ ಮೇ ವರೆಗೆ ಬಂಡೆಗಳು ಹಗಲಿಡೀ ಕಾದು, ಸಂಜೆಯ ನಂತರವೂ ಝಳ ಬಿಡುತ್ತಿರುತ್ತವೆ. ಆ ತಿಂಗಳುಗಳಲ್ಲಿ ಬರಲೇಬೇಕಾದರೆ ಬೆಳಗಿನ ಬಾಗಿಲು ತೆರೆದ ಕೂಡಲೇ ಒಳಗೆ ಹೋಗಿ ಹತ್ತು ಗಂಟೆಯೊಳಗೆ ಇಳಿದುಬಿಡುವುದು ಕ್ಷೇಮ. ನವೆಂಬರ್‌ನಿಂದ ಫೆಬ್ರುವರಿವರೆಗಿನ ಕಾಲ ನಡೆಯುವವರಿಗೆ ಹಿತಕರ. ಆದರೆ ಕೋಟೆಯ ನೀರಿನ ವ್ಯವಸ್ಥೆಯನ್ನು ಕಣ್ಣಾರೆ ಕಾಣಬೇಕೆನ್ನುವವರು ಹಿಂಗಾರು ಮಳೆ ಬೀಳುವ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬರಬೇಕು. ಆಗ ಕಲ್ಲು ಜಾರುತ್ತದೆ ಎಂಬುದು ನಿಜ, ಆದರೆ ಹೊಂಡಗಳು ತುಂಬಿ ನಿಂತಿರುತ್ತವೆ, ಬಂಡೆಯ ಸಂದುಗಳಲ್ಲಿ ಹಸಿರು ಮೂಡಿರುತ್ತದೆ.

ಪ್ರವೇಶದ ಸಮಯ ಮತ್ತು ಶುಲ್ಕ ಏನು?

ಕೋಟೆಯು ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿದೆ. ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಪ್ರವೇಶವಿದೆ. ಟಿಕೆಟ್ ಕೊಡುವುದನ್ನು ಅದಕ್ಕೂ ಮುಂಚೆಯೇ ನಿಲ್ಲಿಸಬಹುದಾದ್ದರಿಂದ ಸಂಜೆ ಬರುವವರು ನಾಲ್ಕು ಗಂಟೆಯೊಳಗೆ ಮುಂಬಾಗಿಲು ತಲುಪಿರಬೇಕು. ಭಾರತೀಯರಿಗೆ 25 ರೂಪಾಯಿ ಶುಲ್ಕವಿದ್ದು, 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿಲ್ಲ. ದರಗಳನ್ನು ಇಲಾಖೆ ಕಾಲಕಾಲಕ್ಕೆ ಪರಿಷ್ಕರಿಸುತ್ತದೆ. ಮೊಬೈಲಿನಲ್ಲಿ ಚಿತ್ರ ತೆಗೆಯಲು ಅಡ್ಡಿಯಿಲ್ಲ. ಟ್ರೈಪಾಡ್ ಮತ್ತು ಡ್ರೋನ್‌ಗೆ ಮೊದಲೇ ಅನುಮತಿ ಪಡೆದಿರಬೇಕು.

"ಏಳು ಸುತ್ತಿನ ಕೋಟೆ" ಎನ್ನುತ್ತಾರೆ. ಏಳು ಸುತ್ತುಗಳನ್ನೂ ನೋಡಲು ಸಾಧ್ಯವೇ?

ಏಳು ಸುತ್ತುಗಳಲ್ಲಿ ಮೂರು ನೆಲಮಟ್ಟದಲ್ಲಿ, ನಾಲ್ಕು ಬೆಟ್ಟದ ಮೇಲೆ ಎಂಬುದು ರೂಢಿಯ ಲೆಕ್ಕ. ಕೆಳಗಿನ ಸುತ್ತುಗಳು ಊರು ಬೆಳೆದಂತೆ ಮನೆ, ಅಂಗಡಿ, ರಸ್ತೆಗಳ ನಡುವೆ ಸೇರಿಹೋಗಿವೆ. ಪೇಟೆಯಲ್ಲಿ ನಡೆಯುವಾಗ ಒಂದು ಮನೆಯ ಹಿತ್ತಿಲ ಗೋಡೆ ಇದ್ದಕ್ಕಿದ್ದಂತೆ ಆಳೆತ್ತರದ ಕಲ್ಲುಗಳ ಗೋಡೆಯಾಗಿ ಬದಲಾದರೆ, ಅದು ಕೋಟೆಯ ತುಂಡು ಎಂದು ತಿಳಿಯಬೇಕು. ಕಂದಕದ ಗುರುತುಗಳೂ ಅಲ್ಲಲ್ಲಿ ಉಳಿದಿವೆ. ಆನೆಬಾಗಿಲು, ಬುರುಜನಹಟ್ಟಿ ಎಂಬ ಬಡಾವಣೆಗಳ ಹೆಸರಿನಲ್ಲೇ ಕೋಟೆ ಇನ್ನೂ ಇದೆ. ಇವುಗಳನ್ನು ಹುಡುಕುತ್ತಾ ನಡೆಯುವುದು ಮಕ್ಕಳಿಗೂ ಇಷ್ಟವಾಗುವ ಕೆಲಸ.

ಮೇಲಿನ ಸುತ್ತುಗಳು ಚೆನ್ನಾಗಿ ಉಳಿದುಕೊಂಡಿವೆ. ಇವು ವೃತ್ತಾಕಾರದ ಬಳೆಗಳಂತೆ ಒಂದರೊಳಗೊಂದು ಇಲ್ಲ ಎಂಬುದನ್ನು ಗಮನಿಸಬೇಕು. ಗುಡ್ಡದ ಸಾಲು ಎಲ್ಲಿ ಏರುತ್ತದೆಯೋ ಗೋಡೆಯೂ ಅಲ್ಲಿ ಏರುತ್ತದೆ. ದೊಡ್ಡ ಬಂಡೆ ಎದುರಾದಲ್ಲಿ ಗೋಡೆ ನಿಂತು, ಬಂಡೆಯೇ ಕಾವಲು ಹೊತ್ತು, ಅದರಾಚೆ ಮತ್ತೆ ಗೋಡೆ ಮುಂದುವರಿಯುತ್ತದೆ. ಎತ್ತರದ ಬಂಡೆಗಳ ಮೇಲೆ ಕಾವಲಿನ ಬತೇರಿಗಳಿವೆ. ಒಂದು ಬತೇರಿಯಲ್ಲಿ ನಿಂತು ಸುತ್ತ ನೋಡಿದರೆ ಮತ್ತೊಂದು ಕಣ್ಣಿಗೆ ಬಿದ್ದೇ ಬೀಳುತ್ತದೆ. ಸಂಜ್ಞೆಯಿಂದಲೋ ಕಹಳೆಯಿಂದಲೋ ಸುದ್ದಿ ದಾಟಿಸಲು ಅಷ್ಟು ಸಾಕಾಗಿತ್ತು.

ಬಾಗಿಲುಗಳು ನೇರವಾಗಿ ಇರದೆ ಅಷ್ಟೊಂದು ತಿರುವುಗಳಲ್ಲಿ ಏಕೆ ಇವೆ?

ಮೊದಲ ಬಾಗಿಲಿನ ಬಳಿಯ ನಾಗರ ಉಬ್ಬುಕೆತ್ತನೆಯನ್ನು ನೋಡಿ ಚಿತ್ರ ತೆಗೆದುಕೊಂಡು ಮುಂದೆ ಹೋಗುವವರೇ ಹೆಚ್ಚು. ಅಲ್ಲಿ ಒಂದು ಕ್ಷಣ ನಿಂತು ಬಂದ ದಾರಿಯನ್ನು ಹಿಂತಿರುಗಿ ನೋಡಬೇಕು. ದಾರಿ ತಟ್ಟನೆ ಹೊರಳುತ್ತದೆ, ಎರಡೂ ಬದಿಗೆ ಎತ್ತರದ ಗೋಡೆ, ಮೇಲೆ ಬಂದೂಕಿಗೆ ಬಿಟ್ಟ ಕಿಂಡಿಗಳು. ಬಾಗಿಲನ್ನು ಮುರಿಯಲು ಆನೆಯನ್ನೋ ಮರದ ದಿಮ್ಮಿಯನ್ನೋ ತಂದರೆ, ಓಡಿ ಬಂದು ಗುದ್ದುವುದಕ್ಕೆ ಬೇಕಾದ ನೇರವಾದ ಜಾಗವೇ ಅಲ್ಲಿ ಇಲ್ಲ. ತಿರುವಿನಲ್ಲಿ ಸೇನೆ ಗುಂಪುಗೂಡಿದರೆ ಮೇಲಿನವರಿಗೆ ಗುರಿ ಸುಲಭ. ಒಂದು ಬಾಗಿಲು ಬಿದ್ದರೂ ಮುಂದಿನದು ಎಲ್ಲಿದೆ ಎಂಬುದು ಹೊರಳುವ ತನಕ ಕಾಣದು. ಕಂಬ, ತೊಲೆ, ಕದಗಳು ಕೂರುತ್ತಿದ್ದ ಗುಳಿಗಳು ಬಾಗಿಲುವಾಡದ ಕಲ್ಲುಗಳಲ್ಲಿ ಇನ್ನೂ ಇವೆ; ಅವುಗಳ ಅಗಲವನ್ನು ಕೈಯಿಂದ ಅಳೆದರೆ ಕದದ ಗಾತ್ರವನ್ನು ಊಹಿಸಬಹುದು.

ಈ ಕೋಟೆಯನ್ನು ಕಟ್ಟಿಸಿದವರು ಯಾರು?

ಒಬ್ಬರೇ ಅಲ್ಲ, ಒಂದೇ ಕಾಲದಲ್ಲೂ ಅಲ್ಲ. ಹೊಯ್ಸಳರ ಕಾಲದಲ್ಲಿ ಈ ಊರು ಬೆಮ್ಮತ್ತನೂರು, ಬೆಮ್ಮತ್ತನಕಲ್ಲು ಎಂಬ ಹೆಸರಿನಿಂದ ಕಾಣಿಸಿಕೊಳ್ಳುತ್ತದೆ. ವಿಜಯನಗರದ ಮೊದಲ ಅರಸರ ಕಾಲದ, ಅಂದರೆ 14ನೇ ಶತಮಾನದ ಶಾಸನಗಳು ಬೆಟ್ಟದ ಮೇಲಿನ ಗುಡಿಗಳಲ್ಲಿವೆ. ವಿಜಯನಗರದ ಅಧೀನದಲ್ಲಿ 1568ರಲ್ಲಿ ತಿಮ್ಮಣ್ಣ ನಾಯಕನಿಗೆ ದುರ್ಗದ ನಾಯಕತನ ದೊರೆತ ಮೇಲೆ ಬೇಡ ಸಮುದಾಯದ ಈ ಮನೆತನ ಎರಡು ಶತಮಾನಗಳಿಗೂ ಮಿಗಿಲಾಗಿ ಇಲ್ಲಿ ಆಳಿತು. ಇಂದು ಕಾಣುವ ಕೋಟೆಯ ಬಹುಭಾಗ, ಹೊಂಡಗಳು ಮತ್ತು ಹಲವು ಗುಡಿಗಳು ಈ ನಾಯಕರ ಕೊಡುಗೆ. 17ನೇ ಶತಮಾನದ ಮೊದಲರ್ಧದಲ್ಲಿ ಕಸ್ತೂರಿ ರಂಗಪ್ಪ ನಾಯಕ, 1689ರಿಂದ 1721ರವರೆಗೆ ಬಿಚ್ಚುಗತ್ತಿ ಭರಮಣ್ಣ ನಾಯಕ, 1754ರಿಂದ ಕೊನೆಯ ಮದಕರಿ ನಾಯಕ, ಈ ಮೂವರ ಹೆಸರುಗಳು ದುರ್ಗದವರ ಬಾಯಲ್ಲಿ ಇಂದಿಗೂ ನಿತ್ಯವೂ ಬರುತ್ತವೆ.

ಹೈದರಾಲಿ ಮತ್ತೆ ಮತ್ತೆ ಮುತ್ತಿಗೆ ಹಾಕಿ ಕೊನೆಗೆ 1779ರಲ್ಲಿ ಕೋಟೆಯನ್ನು ವಶಪಡಿಸಿಕೊಂಡು ಮದಕರಿ ನಾಯಕನನ್ನು ಶ್ರೀರಂಗಪಟ್ಟಣಕ್ಕೆ ಸೆರೆಯಾಗಿ ಒಯ್ದನು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲೂ ಇಲ್ಲಿ ಕಟ್ಟಡದ ಕೆಲಸಗಳು ನಡೆದವು. 1799ರಲ್ಲಿ ಟಿಪ್ಪು ಮಡಿದ ಬಳಿಕ ಕೆಲವು ವರ್ಷ ಬ್ರಿಟಿಷರ ದಂಡು ಇಲ್ಲಿ ತಂಗಿತ್ತು. ಹಾಗಾಗಿ ಒಂದು ಗೋಡೆಯನ್ನು ನೋಡಿ "ಇದು ಇಂಥವರದು" ಎಂದು ಥಟ್ಟನೆ ಹೇಳುವವರ ಮಾತನ್ನು ಸ್ವಲ್ಪ ಎಚ್ಚರದಿಂದ ಕೇಳಬೇಕು.

ಬಂಡೆಗಳ ಮೇಲೆ ಸಾಲಾಗಿ ಕಾಣುವ ಚೌಕನೆಯ ಗುಳಿಗಳು ಏನು?

ಈ ಪ್ರಶ್ನೆ ಕೇಳುವವರು ಕೋಟೆಯನ್ನು ನಿಜವಾಗಿ ನೋಡುತ್ತಿದ್ದಾರೆ ಎಂದು ಅರ್ಥ. ಬೆಟ್ಟದ ತುಂಬ ಇಂತಹ ಗುಳಿಗಳಿವೆ, ಅವು ಮೂರು ಬಗೆಯವು.

ಮೊದಲನೆಯದು ಕಲ್ಲು ಸೀಳಲು ತೋಡಿದ ಗುಳಿಗಳು. ಇವು ನೂಲು ಹಿಡಿದಂತೆ ಒಂದೇ ಗೆರೆಯಲ್ಲಿ, ಬೆರಳುದ್ದದಿಂದ ಗೇಣುದ್ದದ ಅಂತರದಲ್ಲಿ ಇರುತ್ತವೆ. ಉಳಿಯಿಂದ ಗುಳಿ ತೋಡಿ, ಒಳಗೆ ಬೆಣೆಗಳನ್ನಿಟ್ಟು, ಒಂದಾದ ಮೇಲೊಂದರಂತೆ ಸಮನಾಗಿ ಹೊಡೆಯುತ್ತಾ ಹೋದರೆ ಬಂಡೆ ಆ ಗೆರೆಗುಂಟ ಬಿರಿಯುತ್ತದೆ. ಕೆಲವೆಡೆ ಬಂಡೆಯ ಅಂಚು ಗರಗಸದ ಹಲ್ಲಿನಂತೆ ಕಾಣುತ್ತದೆ. ಅದು ಗುಳಿಗಳ ಅರ್ಧ ಭಾಗ. ಉಳಿದರ್ಧವನ್ನು ಹೊತ್ತ ಕಲ್ಲು ಹತ್ತಿರದ ಯಾವುದೋ ಗೋಡೆಯಲ್ಲಿ ಕೂತಿರುತ್ತದೆ. ಗೋಡೆಯ ಕಲ್ಲುಗಳ ಅಂಚನ್ನು ಸವರಿ ನೋಡಿದರೆ ಅದೇ ಹಲ್ಲುಗಳು ಕೈಗೆ ಸಿಗುತ್ತವೆ. ಇನ್ನು ಕೆಲವು ಬಂಡೆಗಳಲ್ಲಿ ಗುಳಿಗಳನ್ನು ತೋಡಿ ಸೀಳದೆ ಬಿಟ್ಟಿದ್ದಾರೆ. ಆ ದಿನ ಕೆಲಸ ಏಕೆ ನಿಂತಿತೋ ಯಾರೂ ಬರೆದಿಟ್ಟಿಲ್ಲ. ನಾಯಕರ ಹೆಸರುಗಳು ಶಾಸನಗಳಲ್ಲಿ ಉಳಿದಿವೆ. ಈ ಕಲ್ಲು ಒಡೆದವರ ಗುರುತಾಗಿ ಉಳಿದಿರುವುದು ಈ ಗುಳಿಗಳು ಮಾತ್ರ.

ಎರಡನೆಯದು ಅಲ್ಲೊಂದು ಇಲ್ಲೊಂದರಂತೆ ಇರುವ ದೊಡ್ಡ ಚೌಕ ಅಥವಾ ದುಂಡು ಗುಳಿಗಳು. ಇವು ಚಪ್ಪರದ, ಕಾವಲುಮನೆಯ ಮರದ ಕಂಬ ನೆಡಲು ಮಾಡಿದವು. ಮೂರನೆಯದು ಕಡಿದಾದ ಬಂಡೆಯ ಇಳಿಜಾರಿನಲ್ಲಿ ಎಡ ಬಲ ಎಡ ಬಲ ಎಂದು ಹೆಜ್ಜೆಯ ಅಳತೆಗೆ ಕೊರೆದ ಕಾಲುಗುಳಿಗಳು. ಕಾವಲಿನವರು ಬತೇರಿಗೆ ಏರುತ್ತಿದ್ದುದು ಇವುಗಳ ಮೇಲೆಯೇ.

ಮದ್ದು ಬೀಸುವ ಕಲ್ಲು ಮತ್ತು ಎಣ್ಣೆ ಕೊಳ ತಪ್ಪದೆ ನೋಡಬೇಕಾದವೇ?

ಹೌದು. ಮುಖ್ಯ ದಾರಿಯ ಸಮೀಪ, ನೆಲಮಟ್ಟಕ್ಕಿಂತ ತಗ್ಗಿನಲ್ಲಿ ಕಟ್ಟಿದ ದೊಡ್ಡ ತೊಟ್ಟಿಯಂತಹ ಜಾಗದಲ್ಲಿ ನಾಲ್ಕು ಭಾರಿ ಬೀಸುವ ಕಲ್ಲುಗಳಿವೆ. ಸಿಡಿಮದ್ದನ್ನು ಅರೆಯಲು ಇವನ್ನು ಆನೆಗಳಿಂದಲೋ ಎತ್ತುಗಳಿಂದಲೋ ತಿರುಗಿಸುತ್ತಿದ್ದರೆಂದು ಹೇಳುತ್ತಾರೆ. ಕಲ್ಲಿನ ಅಂಚಿನಲ್ಲಿ ಸುತ್ತಲೂ ಕೊರೆದ ಚೌಕ ಹಲ್ಲುಗಳನ್ನು ನೋಡಿದರೆ ಮರದ ಗಾಲಿಯ ಜೊತೆ ಅವು ಕಚ್ಚಿಕೊಳ್ಳುತ್ತಿದ್ದ ಬಗೆ ತಿಳಿಯುತ್ತದೆ. ತಗ್ಗಿನಲ್ಲಿ ಇಟ್ಟಿದ್ದಕ್ಕೂ ಕಾರಣವಿದೆ: ಆಕಸ್ಮಿಕವಾಗಿ ಸಿಡಿದರೆ ಹಾನಿ ಗೋಡೆಯೊಳಗೇ ಉಳಿಯಬೇಕು.

ಎಣ್ಣೆ ಕೊಳ ಎಣ್ಣೆಯನ್ನು ಕೂಡಿಡುತ್ತಿದ್ದ ಕಲ್ಲಿನ ತೊಟ್ಟಿ. ರಾತ್ರಿಯ ಪಂಜು, ದೀಪಗಳಿಗೆ ಎಷ್ಟು ಎಣ್ಣೆ ಬೇಕಾಗಿದ್ದಿರಬಹುದು ಎಂಬ ಲೆಕ್ಕ ಅದರ ಗಾತ್ರದಿಂದಲೇ ಸಿಗುತ್ತದೆ. ಕಣಜ, ಗರಡಿಮನೆ, ಟಂಕಸಾಲೆಗಳೂ ಮೇಲೆ ಇವೆ. ಪಾಳೆಯಗಾರರ ಕಚೇರಿ, ಅರಮನೆಯ ಜಾಗದಲ್ಲಿ ಉಳಿದಿರುವ ಮಣ್ಣಿನ ಗೋಡೆಗಳ ಹತ್ತಿರ ತುಸು ಹೆಚ್ಚು ಹೊತ್ತು ನಿಲ್ಲಿ. ಇಷ್ಟು ಮಳೆ, ಗಾಳಿ, ಬಿಸಿಲು ಕಂಡರೂ ಮಣ್ಣಿನ ಗೋಡೆ ನಿಂತಿರುವುದು ಕಲ್ಲಿನ ಗೋಡೆ ನಿಂತಿರುವುದಕ್ಕಿಂತ ದೊಡ್ಡ ಸೋಜಿಗ. ಅವುಗಳ ಮೇಲೆ ಹತ್ತುವುದಾಗಲೀ ಒರಗುವುದಾಗಲೀ ಬೇಡ.

ಓಬವ್ವನ ಕಿಂಡಿಗೆ ಹೋಗುವುದು ಹೇಗೆ? ಅಲ್ಲಿ ನೋಡಲು ಏನಿದೆ?

ಕೋಟೆಯೊಳಗೆ ದಾರಿಸೂಚಕ ಫಲಕಗಳಿವೆ. ಮುಖ್ಯ ದಾರಿಯಿಂದ ಕವಲೊಡೆದು, ತಣ್ಣೀರು ದೋಣಿಯ ಕಡೆಗೆ ಹೋಗಬೇಕು. ತಣ್ಣೀರು ದೋಣಿ ಎಂದರೆ ಬಂಡೆಯ ಬುಡದಲ್ಲಿ ಒಸರುವ ಚಿಕ್ಕ ಸೆಲೆ, ಅದರ ನೀರು ಬೇಸಿಗೆಯಲ್ಲೂ ತಣ್ಣಗಿರುತ್ತದೆ.

ಕಥೆ ಎಲ್ಲರಿಗೂ ಗೊತ್ತಿರುವುದೇ. ಹೈದರಾಲಿಯ ಸೈನಿಕರು ಮುತ್ತಿಗೆ ಹಾಕಿದ್ದ ಸಮಯದಲ್ಲಿ, ಕಾವಲಿನ ಕಹಳೆ ಮುದ್ದಹನುಮ ಊಟಕ್ಕೆ ಮನೆಗೆ ಬಂದಾಗ, ಅವನ ಹೆಂಡತಿ ಓಬವ್ವ ನೀರು ತರಲು ಹೋದಳು. ಕಿಂಡಿಯಿಂದ ಒಬ್ಬೊಬ್ಬರಾಗಿ ನುಸುಳಿ ಬರುತ್ತಿದ್ದ ಶತ್ರುಗಳನ್ನು ಕಂಡು, ಗಂಡನ ಊಟ ಕೆಡಿಸದೆ, ಒನಕೆ ಹಿಡಿದು ನಿಂತಳು. ಜಾಗವನ್ನು ನೋಡುವವರೆಗೆ ಈ ಕಥೆಯಲ್ಲಿ ಒಬ್ಬ ಹೆಂಗಸು ಅಷ್ಟು ಜನರನ್ನು ಹೇಗೆ ತಡೆದಳು ಎಂಬ ಸಂದೇಹ ಇದ್ದೇ ಇರುತ್ತದೆ. ಕಿಂಡಿಯ ಮುಂದೆ ನಿಂತರೆ ಸಂದೇಹ ತಾನಾಗಿ ಬಗೆಹರಿಯುತ್ತದೆ. ಎರಡು ಬಂಡೆಗಳ ನಡುವಿನ ಆ ಸಂದಿನಲ್ಲಿ ವಯಸ್ಕರು ನೆಟ್ಟಗೆ ನಡೆದು ಬರಲಾಗದು. ಮೈ ಕುಗ್ಗಿಸಿ, ತಲೆ ಮುಂದೆ ಮಾಡಿ, ಕೈಗಳನ್ನು ಊರಿಕೊಂಡೇ ಹೊರಬರಬೇಕು. ಆ ಸ್ಥಿತಿಯಲ್ಲಿ ಆಯುಧ ಎತ್ತಲು ಆಗುವುದಿಲ್ಲ, ಹಿಂದೆ ಇರುವವರಿಗೆ ಮುಂದೆ ಏನಾಯಿತೆಂದು ಕಾಣುವುದೂ ಇಲ್ಲ. ಧೈರ್ಯದ ಜೊತೆಗೆ ಜಾಗದ ಅರಿವೂ ಓಬವ್ವನಿಗೆ ಇತ್ತು. ದಿನವೂ ನೀರಿಗೆ ಬರುತ್ತಿದ್ದವಳಿಗೆ ಆ ಸಂದು ಅಂಗೈಯಷ್ಟು ಪರಿಚಿತ.

ಕರ್ನಾಟಕ ಸರ್ಕಾರ 2021ರಿಂದ ಪ್ರತಿ ವರ್ಷ ನವೆಂಬರ್ 11ರಂದು ಓಬವ್ವ ಜಯಂತಿಯನ್ನು ಆಚರಿಸುತ್ತಿದೆ. ರಜಾದಿನಗಳಲ್ಲಿ ಕಿಂಡಿಯ ಬಳಿ ನೂಕುನುಗ್ಗಲಿರುತ್ತದೆ. ಸಾಧ್ಯವಾದರೆ ವಾರದ ನಡುವಿನ ದಿನ, ಬೆಳಗಿನ ಹೊತ್ತು ಹೋಗಿ.

ಇಷ್ಟು ಎತ್ತರದ ಬಂಡೆಗಳ ಮೇಲೆ ಅಷ್ಟು ಜನರಿಗೆ ನೀರು ಎಲ್ಲಿಂದ ಬರುತ್ತಿತ್ತು?

ಈ ಪುಟದಲ್ಲಿ ಒಂದೇ ಉತ್ತರವನ್ನು ಓದುವುದಿದ್ದರೆ ಇದನ್ನು ಓದಿ. ಚಿತ್ರದುರ್ಗ ಮಳೆ ಕಡಿಮೆ ಬೀಳುವ ನಾಡು, ಬೆಟ್ಟದ ಸಾಲಿನ ಮೇಲೆ ನದಿಯಿಲ್ಲ. ಇರುವುದು ಬರಿಯ ಬಂಡೆ. ಬಂಡೆ ಮಳೆಯ ನೀರನ್ನು ಹೀರುವುದಿಲ್ಲ, ಬಿದ್ದದ್ದನ್ನೆಲ್ಲ ಕೆಳಗೆ ಹರಿಸುತ್ತದೆ. ದುರ್ಗದವರು ಈ ಗುಣವನ್ನೇ ಬಂಡವಾಳ ಮಾಡಿಕೊಂಡರು. ಎರಡು ಗುಡ್ಡಗಳ ನಡುವಿನ ಕಣಿವೆಗೆ ಅಡ್ಡಲಾಗಿ ಕಟ್ಟೆ ಹಾಕಿ, ಕಲ್ಲು ತೆಗೆದ ತಗ್ಗುಗಳನ್ನು ಅಗಲಿಸಿ, ಒಂದು ತುಂಬಿದರೆ ಮುಂದಿನದಕ್ಕೆ ಕೋಡಿ ಬೀಳುವಂತೆ ಹೊಂಡಗಳ ಸರಣಿಯನ್ನೇ ಮಾಡಿದರು.

ಮೇಲಿನಿಂದ ಹೊರಟರೆ ಮೊದಲು ಸಿಗುವ ದೊಡ್ಡ ಹೊಂಡ ಗೋಪಾಲಸ್ವಾಮಿ ಹೊಂಡ. ಅದರ ಹೆಚ್ಚುವರಿ ನೀರು ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗಿನ ಊರಿನ ಸಿಹಿನೀರು ಹೊಂಡಕ್ಕೆ, ಅದರಾಚೆ ಪೇಟೆಯ ನಡುವಿನ ಸಂತೆ ಹೊಂಡಕ್ಕೆ. ಮೇಲಿನ ಹೊಂಡಗಳಲ್ಲಿ ಹೂಳು ತಂಗಿ, ಕೆಳಕ್ಕೆ ಹೋದಂತೆ ತಿಳಿನೀರು ಸೇರುತ್ತಿತ್ತು. ಅರಮನೆ, ಗುಡಿ, ದಂಡು, ಪೇಟೆ, ಎಲ್ಲರೂ ಒಂದೇ ಮಳೆಯ ನೀರನ್ನು ಸರದಿಯಲ್ಲಿ ಬಳಸುತ್ತಿದ್ದರು. ಮುತ್ತಿಗೆಯ ತಿಂಗಳುಗಳಲ್ಲಿ ಕೋಟೆ ತಡೆದುಕೊಂಡದ್ದು ಗೋಡೆಗಳ ಬಲದಿಂದ ಎಷ್ಟೋ, ಈ ನೀರಿನ ಬಲದಿಂದಲೂ ಅಷ್ಟೇ.

ನಡೆಯುವವರಿಗೆ ನನ್ನ ಸಲಹೆ ಇಷ್ಟು: ಹತ್ತುವಾಗ ಬಾಗಿಲುಗಳನ್ನು ನೋಡುತ್ತಾ ಹತ್ತಿ, ಇಳಿಯುವಾಗ ನೀರಿನ ಜಾಡು ಹಿಡಿದು ಇಳಿಯಿರಿ. ಗೋಪಾಲಸ್ವಾಮಿ ಹೊಂಡದ ಕಟ್ಟೆಯ ಮೇಲೆ ನಿಂತು ಕೋಡಿ ಎಲ್ಲಿದೆ ಎಂದು ಹುಡುಕಿ. ಅಲ್ಲಿಂದ ಬಂಡೆಯ ಮೇಲೆ ನೀರು ಹರಿದು ಕಪ್ಪಾದ ಗೆರೆಗಳನ್ನು ಗುರುತಿಸಿ. ಕೋಟೆಯಿಂದ ಹೊರಬಂದ ಮೇಲೂ ನಡಿಗೆಯನ್ನು ನಿಲ್ಲಿಸದೆ ಸಿಹಿನೀರು ಹೊಂಡ, ಸಂತೆ ಹೊಂಡಗಳವರೆಗೆ ಹೋಗಿ. ಸಂತೆ ಹೊಂಡದ ಸುತ್ತ ಇಂದು ಅಂಗಡಿ, ವಾಹನಗಳ ಗದ್ದಲವಿದೆ. ಆದರೂ ಬೆಟ್ಟದ ತುದಿಯಲ್ಲಿ ಬಿದ್ದ ಮಳೆಹನಿ ಇಲ್ಲಿಯವರೆಗೆ ಬರುತ್ತಿತ್ತು ಎಂಬುದನ್ನು ತಿಳಿದು ನೋಡುವವರ ಕಣ್ಣಿಗೆ ಊರಿನ ರಚನೆಯೇ ಬೇರೆಯಾಗಿ ಕಾಣುತ್ತದೆ. ಈ ಹೊಂಡಗಳಿಗೆ ಪ್ಲಾಸ್ಟಿಕ್ ಬಾಟಲಿ, ಪೂಜೆಯ ಹೂವು ಎಸೆಯುವುದನ್ನು ಕಂಡಾಗ ಸಂಕಟವಾಗುತ್ತದೆ. ದಯವಿಟ್ಟು ಹೊಂಡಗಳಲ್ಲಿ ಈಜಲು ಇಳಿಯಬೇಡಿ. ಅವು ಆಳವಾಗಿವೆ, ಪಾಚಿಗಟ್ಟಿದ ಮೆಟ್ಟಿಲುಗಳು ಜಾರುತ್ತವೆ.

ಗುಡಿಗಳಲ್ಲಿ ಯಾವುವನ್ನು ನೋಡಬೇಕು?

ಬೆಟ್ಟದ ಮೇಲೆ ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ, ಏಕನಾಥೇಶ್ವರಿ, ಫಲ್ಗುಣೇಶ್ವರ, ಗೋಪಾಲಕೃಷ್ಣ, ಬನಶಂಕರಿ, ಸುಬ್ಬರಾಯ, ಆಂಜನೇಯ, ಬಸವಣ್ಣ ಹೀಗೆ ಹಲವು ಗುಡಿಗಳಿವೆ. ಎಲ್ಲವನ್ನೂ ಒಂದೇ ದಿನ ಮುಗಿಸಲು ಹೋಗದೆ, ಹಿಡಿಂಬೇಶ್ವರ, ಸಂಪಿಗೆ ಸಿದ್ಧೇಶ್ವರ ಮತ್ತು ಏಕನಾಥೇಶ್ವರಿಗಳನ್ನು ನಿಧಾನವಾಗಿ ನೋಡಿ. ಭೀಮನು ಹಿಡಿಂಬನನ್ನು ಕೊಂದದ್ದು ಇದೇ ಬೆಟ್ಟದಲ್ಲಿ ಎಂಬುದು ಇಲ್ಲಿನ ಐತಿಹ್ಯ. ಏಕನಾಥೇಶ್ವರಿ ದುರ್ಗದ ಅಧಿದೇವತೆ. ಬಯಲಿನಲ್ಲಿ ನಿಂತಿರುವ ಎತ್ತರದ ದೀಪಸ್ತಂಭ ಮತ್ತು ಕಲ್ಲಿನ ಉಯ್ಯಾಲೆ ಕಂಬಗಳು ದೂರದಿಂದಲೇ ಕಾಣುತ್ತವೆ. ಇನ್ನೂ ಮೇಲಕ್ಕೆ ಹೋದರೆ ಹಳೆಯ ಮುರುಘಾ ಮಠದ ಕಟ್ಟಡವಿದೆ. ಗುಡಿಗಳಲ್ಲಿ ಪೂಜೆ ನಡೆಯುತ್ತದೆ. ಪಾದರಕ್ಷೆ ಹೊರಗೆ ಬಿಟ್ಟು ಹೋಗುವುದು ಮರ್ಯಾದೆ.

ತುಪ್ಪದ ಕೊಳದ ಬತೇರಿಗೆ ಹತ್ತಬಹುದೇ?

ಆ ಬತೇರಿಯಿಂದ ಇಡೀ ಕೋಟೆ, ಊರು, ಜೋಗಿಮಟ್ಟಿಯ ಸಾಲು ಮತ್ತು ಗಾಳಿಯಂತ್ರಗಳು ಒಟ್ಟಿಗೆ ಕಾಣುತ್ತವೆ. ಹತ್ತುವ ದಾರಿಯಲ್ಲಿ ಮಾತ್ರ ಮೆಟ್ಟಿಲುಗಳಿಲ್ಲ, ಮೇಲೆ ಹೇಳಿದ ಕಾಲುಗುಳಿಗಳಿವೆ. ಬಂಡೆ ಒಣಗಿದ್ದು, ಕಾಲಿಗೆ ಹಿಡಿತವಿರುವ ಬೂಟು ಇದ್ದು, ಎತ್ತರದ ಅಂಜಿಕೆ ಇಲ್ಲದವರು ಹತ್ತಬಹುದು. ಇಳಿಯುವುದು ಹತ್ತುವುದಕ್ಕಿಂತ ಕಷ್ಟ. ಮಳೆ ಬಂದಿದ್ದರೆ, ಚಪ್ಪಲಿಯಲ್ಲಿ ಬಂದಿದ್ದರೆ ಅಥವಾ ಚಿಕ್ಕ ಮಕ್ಕಳು ಜೊತೆಗಿದ್ದರೆ ಆ ಆಸೆಯನ್ನು ಬಿಡಬೇಕು. ಹಗ್ಗವಿಲ್ಲದೆ ಕೋಟೆಯ ಗೋಡೆ ಏರುವ ಪ್ರದರ್ಶನಗಳನ್ನು ವಿಡಿಯೋಗಳಲ್ಲಿ ಕಂಡು ಅನುಕರಿಸಲು ಹೋಗುವ ಯುವಕರಿಗೆ ಇನ್ನಷ್ಟು ಗಟ್ಟಿಯಾಗಿಯೇ ಹೇಳಬೇಕು: ಅದು ವರ್ಷಗಟ್ಟಲೆ ಅಭ್ಯಾಸದಿಂದ ಬಂದ ವಿದ್ಯೆ, ಒಂದು ಸಲ ಕೈ ಜಾರಿದರೆ ಎರಡನೆಯ ಅವಕಾಶವಿಲ್ಲ.

ವಯಸ್ಸಾದವರು, ಮಂಡಿನೋವು ಇರುವವರು ಏನು ಮಾಡಬೇಕು?

ಮೊದಲ ಕೆಲವು ಬಾಗಿಲುಗಳು, ಮದ್ದು ಬೀಸುವ ಕಲ್ಲು ಮತ್ತು ಬನಶಂಕರಿ ಗುಡಿಯವರೆಗಿನ ದಾರಿ ಕಲ್ಲುಹಾಸಿನದು. ಊರುಗೋಲು ಹಿಡಿದು ನಿಧಾನವಾಗಿ ಹೋಗಬಹುದು. ಮುಂದೆ ಏರು ಹೆಚ್ಚುತ್ತದೆ, ಮೆಟ್ಟಿಲುಗಳ ಎತ್ತರವೂ ಸಮನಾಗಿಲ್ಲ. ಗಾಲಿಕುರ್ಚಿಯಲ್ಲಿ ಮೇಲೆ ಹೋಗುವುದು ಸಾಧ್ಯವಾಗದು. ಅಂಥವರಿಗೆ ರಂಗಯ್ಯನ ಬಾಗಿಲು, ಉಚ್ಚಂಗಿ ಯಲ್ಲಮ್ಮನ ಗುಡಿ, ಸಂತೆ ಹೊಂಡಗಳನ್ನು ಒಳಗೊಂಡ ಪೇಟೆಯ ಸುತ್ತು ಸಮತಟ್ಟಾದ ಒಳ್ಳೆಯ ಪರ್ಯಾಯ.

ಮಂಗಗಳ ಕಾಟವಿದೆಯೇ?

ಇದೆ. ತಿಂಡಿಯ ಪೊಟ್ಟಣ, ಬಣ್ಣದ ಬಾಟಲಿ ಕೈಯಲ್ಲಿ ಕಂಡರೆ ಕಸಿದುಕೊಳ್ಳುತ್ತವೆ. ನೀರನ್ನು ಬೆನ್ನಚೀಲದೊಳಗೇ ಇಡಿ, ಅವಕ್ಕೆ ಏನನ್ನೂ ತಿನ್ನಿಸಬೇಡಿ.

ಮಾರ್ಗದರ್ಶಿ ಬೇಕೇ?

ಮೊದಲ ಸಲ ಬರುವವರಿಗೆ ಬೇಕು. ಮುಂಬಾಗಿಲಿನಲ್ಲಿ ಮಾರ್ಗದರ್ಶಿಗಳು ಸಿಗುತ್ತಾರೆ. ದರವನ್ನೂ ಸಮಯವನ್ನೂ ಮೊದಲೇ ಮಾತಾಡಿಕೊಳ್ಳಿ. ಓಬವ್ವ, ಮದಕರಿಯರ ಕಥೆಗಳನ್ನು ಅವರು ಮನಮುಟ್ಟುವಂತೆ ಹೇಳುತ್ತಾರೆ. ನೀವಾಗಿಯೇ ನೀರಿನ ಜಾಡು, ಕಲ್ಲು ಸೀಳಿದ ಗುರುತುಗಳು, ಬಂಡೆಯ ಕೆಳಗಿನ ದಿಡ್ಡಿಬಾಗಿಲುಗಳ ಬಗ್ಗೆ ಕೇಳಿದರೆ, ದಿನನಿತ್ಯದ ಸುತ್ತಿನಲ್ಲಿ ತೋರಿಸದ ಜಾಗಗಳನ್ನೂ ತೋರಿಸುತ್ತಾರೆ.

ಚಂದ್ರವಳ್ಳಿಯನ್ನು ಅದೇ ದಿನ ನೋಡಬಹುದೇ?

ನೋಡಬಹುದು, ನೋಡಲೇಬೇಕು. ಕೋಟೆಯ ಬೆಟ್ಟಗಳ ಪಶ್ಚಿಮದ ಕಣಿವೆಯಲ್ಲಿ, ಕೆರೆಯ ದಂಡೆಯಲ್ಲಿ ಇರುವ ಈ ತಾಣ ಕೋಟೆಗಿಂತ ಬಹಳ ಹಳೆಯದು. ಮೈಸೂರು ಪುರಾತತ್ತ್ವ ಇಲಾಖೆಯ ಎಂ. ಎಚ್. ಕೃಷ್ಣ ಅವರೂ, 1947ರಲ್ಲಿ ಮಾರ್ಟಿಮರ್ ವೀಲರ್ ಅವರೂ ಇಲ್ಲಿ ಉತ್ಖನನ ನಡೆಸಿದರು. ಶಾತವಾಹನರ ನಾಣ್ಯಗಳ ಜೊತೆಗೆ ರೋಮನ್ ನಾಣ್ಯಗಳೂ ದೊರೆತವು. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಪ್ರಾಕೃತ ಶಾಸನವಿದೆ. ಅದು ಹೇಳುವುದು ಒಂದು ಕೆರೆಯ ವಿಷಯ. ಈ ಬೆಟ್ಟಗಳ ನಡುವೆ ನೀರು ಹಿಡಿದಿಡುವ ಕೆಲಸ ನಾಯಕರಿಗಿಂತ ಸಾವಿರಕ್ಕೂ ಹೆಚ್ಚು ವರ್ಷ ಮೊದಲೇ ನಡೆದಿತ್ತು ಎಂಬುದಕ್ಕೆ ಇದೇ ಸಾಕ್ಷಿ.

ಅಂಕಲಿ ಮಠದ ಗುಹೆಗಳೂ ಇಲ್ಲಿಯೇ ಇವೆ. ಒಳಗೆ ಕಗ್ಗತ್ತಲು, ದಾರಿ ಇಕ್ಕಟ್ಟು. ಸ್ಥಳೀಯ ಮಾರ್ಗದರ್ಶಿ ಮತ್ತು ಟಾರ್ಚ್ ಇಲ್ಲದೆ ಇಳಿಯಬೇಡಿ. ಉಸಿರಾಟದ ತೊಂದರೆ ಇರುವವರು ಹೊರಗೇ ಉಳಿಯುವುದು ಲೇಸು.

ಪೇಟೆಯ ಬೀದಿಗಳಲ್ಲಿ ನಡೆಯುವಾಗ ಏನು ಗಮನದಲ್ಲಿಡಬೇಕು?

ಇದು ಜನ ಬಾಳುತ್ತಿರುವ ಊರು. ಮನೆಗಳ ಜಗಲಿ, ಕಂಬ, ಬಾಗಿಲುವಾಡಗಳ ಚಿತ್ರ ತೆಗೆಯುವ ಮುನ್ನ ಮನೆಯವರನ್ನು ಒಂದು ಮಾತು ಕೇಳಿ. ಹಾಗೆ ಕೇಳಿದವರನ್ನು ಒಳಗೆ ಕರೆದು ನೀರು, ಮಜ್ಜಿಗೆ ಕೊಡುವ ಹಿರಿಯರು ಇನ್ನೂ ಇದ್ದಾರೆ. ಬೇಸಿಗೆಯಲ್ಲಿ ಬರಗೇರಮ್ಮ ಮತ್ತು ತಿಪ್ಪಿನಘಟ್ಟಮ್ಮ ದೇವಿಯರ "ಅಕ್ಕ ತಂಗಿ ಭೇಟಿ" ನಡೆಯುವ ದಿನ ದೊಡ್ಡಪೇಟೆಯ ಬೀದಿ ಕಿಕ್ಕಿರಿದು ತುಂಬುತ್ತದೆ. ಅಂದು ಕಟ್ಟಡಗಳನ್ನು ನೋಡಲಾಗದು, ಆದರೆ ಈ ಬೀದಿಗಳು ಏತಕ್ಕಾಗಿ ಇವೆ ಎಂಬುದನ್ನು ನೋಡಬಹುದು.

ಗೋಡೆಗಳ ಮೇಲೆ ಹೆಸರು ಬರೆಯುವುದನ್ನು ತಡೆಯಲು ಪ್ರವಾಸಿಗರು ಏನು ಮಾಡಬಹುದು?

ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡುವುದು ಕಾನೂನಿನ ಪ್ರಕಾರ ಶಿಕ್ಷಾರ್ಹ ಅಪರಾಧ. ಕಂಡರೆ ಕಾವಲು ಸಿಬ್ಬಂದಿಗೆ ತಿಳಿಸಿ. ಶಾಲಾ ಪ್ರವಾಸ ಕರೆತರುವ ಶಿಕ್ಷಕರಲ್ಲಿ ಒಂದು ವಿನಂತಿ: ಸೀಮೆಸುಣ್ಣ, ಮಾರ್ಕರ್‌ಗಳನ್ನು ಬಸ್ಸಿನಲ್ಲೇ ಬಿಡಿಸಿ, ಕಲ್ಲು ಸೀಳಿದ ಗುಳಿಗಳನ್ನು ಎಣಿಸುವ ಕೆಲಸವನ್ನು ಮಕ್ಕಳಿಗೆ ಕೊಡಿ.

ಚಿತ್ರದುರ್ಗ ತಲುಪುವುದು ಹೇಗೆ? ಊಟದ ವ್ಯವಸ್ಥೆ ಏನು?

ಬೆಂಗಳೂರಿನಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 200 ಕಿಲೋಮೀಟರ್, ದಾವಣಗೆರೆಯಿಂದ ಸುಮಾರು 60. ಎರಡೂ ಕಡೆಯಿಂದ ಸಾರಿಗೆ ಬಸ್ಸುಗಳು ಧಾರಾಳವಾಗಿವೆ. ರೈಲಿನಲ್ಲಿ ಬರುವವರು ಬೆಂಗಳೂರು–ಹುಬ್ಬಳ್ಳಿ ಮಾರ್ಗದ ಚಿಕ್ಕಜಾಜೂರು ಜಂಕ್ಷನ್‌ನಲ್ಲಿ ಇಳಿದು ಬಸ್ಸು ಹಿಡಿಯಬಹುದು. ಬಸ್ ನಿಲ್ದಾಣದಿಂದ ಹಳೆಪೇಟೆಗೆ ನಡೆದೇ ಹೋಗಬಹುದು, ಆಟೋಗಳೂ ಇವೆ.

ಕೋಟೆಯೊಳಗೆ ಊಟ ಸಿಗದು. ತಲೆಗೆ ಎರಡು ಲೀಟರ್ ನೀರು ಹೊತ್ತೊಯ್ಯಿರಿ. ಇಳಿದ ಮೇಲೆ ಪೇಟೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ಬೋಂಡ, ಮುದ್ದೆ ಊಟ ಸಿಗುತ್ತವೆ. ಮರುದಿನವೂ ಬಿಡುವಿದ್ದರೆ ದಾವಣಗೆರೆಯಲ್ಲಿ ಬೆಣ್ಣೆ ದೋಸೆ ತಿಂದು, ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರು ಪುಷ್ಕರಣಿಯನ್ನು ನೋಡಿ ಬನ್ನಿ. 1997ರವರೆಗೆ ದಾವಣಗೆರೆಯೂ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತು. ಬೆಟ್ಟದ ಕೋಟೆಯನ್ನೇ ಇನ್ನೊಂದು ನೋಡಬೇಕೆನ್ನುವವರಿಗೆ ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗವಿದೆ. ದಾವಣಗೆರೆಯಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಹತ್ತಿಳಿಯಬಹುದು.